ರಶ್ ಬ್ಯಾಂಡ್‌ನ 19 ಆಲ್ಬಮ್‌ಗಳು: ಮೊದಲಿಂದ ಬೇಡ, ಮಧ್ಯದಿಂದ ಶುರು ಮಾಡಿ

ಪ್ರಶ್ನೆ: ‘ಟಾಮ್ ಸಾಯರ್’ ಹಾಡು ಕೇಳಿ ಕೆನಡಾದ ರಾಕ್ ಬ್ಯಾಂಡ್ ರಶ್ ಹಿಡಿಸ್ತು. ಸರಿ, ಮೊದಲ ಆಲ್ಬಮ್‌ನಿಂದ ಒಂದೊಂದೇ ಕೇಳೋಣ ಅಂತ ಕೂತೆ, ಮೂರನೇದು ಅರ್ಧಕ್ಕೆ ಬರೋಷ್ಟರಲ್ಲಿ ಸಾಕಾಯ್ತು. ಗಾಯಕನ ಕೀರಲು ದನಿ ತಡ್ಕೊಳ್ಳೋಕೆ ಆಗ್ತಿಲ್ಲ, ಹಾಡುಗಳು ಮುಗಿಯೋದೇ ಇಲ್ಲ. ಒಟ್ಟು 19 ಆಲ್ಬಮ್ ಇದೆಯಂತೆ. ಎಲ್ಲಿಂದ ಶುರು ಮಾಡ್ಲಿ, ಯಾವುದನ್ನ ಸದ್ಯಕ್ಕೆ ಬಿಡಬಹುದು, ಲೈವ್ ಆಲ್ಬಮ್‌ಗಳಲ್ಲಿ ಯಾವುದು ಕೇಳಬೇಕು?

ಉತ್ತರ: ನೀವು ನಿಂತಿರೋ ಜಾಗದಲ್ಲೇ 1975ರಲ್ಲಿ ಈ ಬ್ಯಾಂಡೂ ನಿಂತುಹೋಗೋದರಲ್ಲಿತ್ತು. ಆ ಮೂರನೇ ಆಲ್ಬಮ್ ‘ಕ್ಯಾರೆಸ್ ಆಫ್ ಸ್ಟೀಲ್’ ಬಂದಾಗ ಯಾರೂ ಕೊಳ್ಳಲಿಲ್ಲ, ಶೋಗಳಿಗೆ ಜನ ಬರಲಿಲ್ಲ, ಆ ಟೂರ್‌ಗೆ ಅವರೇ ‘ಡೌನ್ ದ ಟ್ಯೂಬ್ಸ್’ ಟೂರ್ ಅಂತ ಹೆಸರಿಟ್ಕೊಂಡಿದ್ರು. ಹಾಗಾಗಿ ನಿಮ್ಮ ಕಿವಿಯಲ್ಲಿ ಏನೂ ದೋಷ ಇಲ್ಲ, ನೀವು ಹಿಡಿದ ದಾರಿ ಮಾತ್ರ ಕಷ್ಟದ್ದು. ರಶ್ ಅನ್ನ ಬಿಡುಗಡೆಯಾದ ಕ್ರಮದಲ್ಲಿ ಕೇಳೋದು ಹಳೇ ಅಭಿಮಾನಿಗಳಿಗೆ ಸಂತೋಷದ ಕೆಲಸ, ಹೊಸಬರಿಗೆ ಬೇಡ. ಮಧ್ಯದಿಂದ ಒಳಗೆ ಬನ್ನಿ, ಆಮೇಲೆ ಹಿಂದಕ್ಕೂ ಹೋಗಿ ಮುಂದಕ್ಕೂ ಹೋಗಿ.

ಮೊದಲು ಇಡೀ ನಕ್ಷೆ ತಲೇಲಿ ಇಟ್ಕೊಳ್ಳೋಕೆ ಒಂದು ಸುಲಭ ಲೆಕ್ಕ ಇದೆ. ಇವರು ನಾಲ್ಕು ಸ್ಟುಡಿಯೋ ಆಲ್ಬಮ್ ಮಾಡೋದು, ಒಂದು ಲೈವ್ ಆಲ್ಬಮ್ ಬಿಡೋದು, ಮತ್ತೆ ನಾಲ್ಕು, ಮತ್ತೊಂದು ಲೈವ್, ಹೀಗೇ 1974ರಿಂದ 1998ರವರೆಗೆ ತಪ್ಪದೆ ನಡೆಸಿಕೊಂಡು ಬಂದ್ರು. ನಾಲ್ಕು ನಾಲ್ಕರಂತೆ 16, ಕೊನೆಗೆ 2002, 2007, 2012ರಲ್ಲಿ ಒಂದೊಂದು, ಒಟ್ಟು 19. ಇದು ಬರೀ ಲೆಕ್ಕ ಅಲ್ಲ ನೋಡಿ, ಪ್ರತಿ ಲೈವ್ ಆಲ್ಬಮ್ ಬಂದ ಮೇಲೆ ಬ್ಯಾಂಡ್‌ನ ಸೌಂಡೇ ಬದಲಾಗುತ್ತೆ. ಗೆದ್ದಿದ್ದನ್ನ ಅಲ್ಲಿಗೇ ಬಿಟ್ಟು ಬೇರೆ ಕಡೆ ಹೋಗೋರು ಇವರು, ಅದೇ ನನಗೆ ಈ ಬ್ಯಾಂಡ್ ಮೇಲಿರೋ ಗೌರವಕ್ಕೆ ಮುಖ್ಯ ಕಾರಣ. ಇದು ಗೊತ್ತಿಲ್ದೆ ಯಾವುದೋ ಒಂದು ಆಲ್ಬಮ್ ಹಾಕಿ ‘ರಶ್ ಅಂದ್ರೆ ಇಷ್ಟೇ’ ಅಂತ ತೀರ್ಮಾನ ಮಾಡಿದೋರು ಬಹಳ ಜನ.

ಮೂರೇ ಜನ, ಟೊರಾಂಟೋ ಕಡೆಯವರು. ಗೆಡ್ಡಿ ಲೀ ಬೇಸ್ ನುಡಿಸ್ತಾರೆ, ಹಾಡ್ತಾರೆ, ಕೀಬೋರ್ಡೂ ಅವರದೇ, ಸ್ಟೇಜ್ ಮೇಲೆ ಎರಡೂ ಕೈ ಬೇಸ್ ಗಿಟಾರ್ ಮೇಲಿದ್ದಾಗ ಕಾಲಲ್ಲಿ ಬೇಸ್ ಪೆಡಲ್ ಒತ್ತಿ ಸಿಂಥ್ (ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯ) ನುಡಿಸ್ತಾರೆ. ಅಲೆಕ್ಸ್ ಲೈಫ್‌ಸನ್ ಗಿಟಾರ್. ಈ ಇಬ್ಬರೂ ಸ್ಕೂಲ್ ದಿನಗಳಿಂದ ಸ್ನೇಹಿತರು. ಡ್ರಮ್ಸ್‌ಗೆ ಮೊದಲ ಆಲ್ಬಮ್‌ನಲ್ಲಿ ಜಾನ್ ರಟ್ಸಿ ಇದ್ರು, 1974ರ ಜುಲೈನಲ್ಲಿ ನೀಲ್ ಪಿಯರ್ಟ್ ಬಂದ್ರು, ಬಂದವರು ಡ್ರಮ್ಸ್ ಜೊತೆಗೆ ಸಾಹಿತ್ಯ ಬರೆಯೋ ಕೆಲಸಾನೂ ವಹಿಸಿಕೊಂಡ್ರು. ಅಲ್ಲಿಂದ ಕೊನೆವರೆಗೆ ಈ ಮೂವರೇ, ನಾಲ್ಕನೆಯವರನ್ನ ಸೇರಿಸಿಕೊಳ್ಳಲೇ ಇಲ್ಲ.

ಈಗ ನಿಮ್ಮ ದನಿಯ ತಕರಾರು. ಗೆಡ್ಡಿ ಲೀ ಆ ಕಿತ್ತುಹೋಗೋ ಎತ್ತರದಲ್ಲಿ ಹಾಡಿದ್ದು ಮುಖ್ಯವಾಗಿ 1974ರಿಂದ 1978ರವರೆಗೆ. ‘ಹೆಮಿಸ್ಫಿಯರ್ಸ್’ ಆಲ್ಬಮ್ ಟೈಮಲ್ಲಿ ಏನಾಯ್ತು ಅಂದ್ರೆ ಮ್ಯೂಸಿಕ್ ಎಲ್ಲ ರೆಕಾರ್ಡ್ ಮಾಡಿ ಮುಗಿಸಿ ಆಮೇಲೆ ಹಾಡೋಕೆ ನಿಂತ್ರು, ಆಗ ಗೊತ್ತಾಯ್ತು ಶ್ರುತಿ ಅವರ ಗಂಟಲಿಗೂ ಮೀರಿದ ಎತ್ತರದಲ್ಲಿದೆ ಅಂತ, ಹೇಗೋ ಹಿಂಸೆ ಪಟ್ಟು ಹಾಡಿ ಮುಗಿಸಿದ್ರು. ಮುಂದಿನ ಆಲ್ಬಮ್‌ನಿಂದ ದನಿ ಕೆಳಗೆ ಬಂತು. ಆ ಮುಂದಿನ ಆಲ್ಬಮ್ಮೇ ‘ಪರ್ಮನೆಂಟ್ ವೇವ್ಸ್’, ನೀವು ಶುರು ಮಾಡಬೇಕಾದ ಜಾಗ ಅದೇ.

‘ಪರ್ಮನೆಂಟ್ ವೇವ್ಸ್’ 1980ರ ಜನವರಿಯಲ್ಲಿ ಬಂತು. ಆರೇ ಹಾಡು, 36 ನಿಮಿಷದ ಆಸುಪಾಸು. ಮೊದಲ ಹಾಡು ‘ದ ಸ್ಪಿರಿಟ್ ಆಫ್ ರೇಡಿಯೋ’, ಅದರ ಶುರುವಿನ ಗಿಟಾರ್ ಸುರುಳಿ ಒಂದು ಸಲ ಕೇಳಿದ್ರೆ ದಿನವೆಲ್ಲ ತಲೆಯಲ್ಲಿ ಸುತ್ತುತ್ತೆ, ಐದು ನಿಮಿಷದೊಳಗೆ ರಾಕ್, ಕೊನೆಗೆ ಸ್ವಲ್ಪ ಜಮೈಕಾದ ರೆಗೇ, ಮತ್ತೆ ರಾಕ್, ಎಲ್ಲ ಬಂದುಹೋಗುತ್ತೆ, ಎಲ್ಲೂ ಹೊಲಿಗೆ ಕಾಣೋದಿಲ್ಲ. ಟೊರಾಂಟೋದ ಒಂದು ಎಫ್‌ಎಂ ಸ್ಟೇಷನ್ ತನ್ನ ಇಷ್ಟದಂತೆ ಹಾಡು ಹಾಕ್ತಿತ್ತು, ಆ ಸ್ವಾತಂತ್ರ್ಯದ ಮೇಲೆ ಬರೆದ ಹಾಡದು, ಬ್ರಿಟನ್‌ನಲ್ಲಿ 13ನೇ ಸ್ಥಾನಕ್ಕೆ ಏರ್ತು. ‘ಫ್ರೀವಿಲ್’ನಲ್ಲಿ ಗಿಟಾರ್ ಸೋಲೋ ನಡೀವಾಗ ಬೇಸ್ ಕಡೆ ಕಿವಿ ಕೊಡಿ, ಮೂವರೂ ಒಟ್ಟಿಗೇ ಸೋಲೋ ನುಡಿಸ್ತಿರೋ ಹಾಗಿರುತ್ತೆ, ಆದ್ರೂ ಯಾರೂ ಯಾರ ಕಾಲೂ ತುಳಿಯೋದಿಲ್ಲ. ಕೊನೇದು ‘ನ್ಯಾಚುರಲ್ ಸೈನ್ಸ್’, ಒಂಬತ್ತು ನಿಮಿಷ ಇದೆ, ಮೊದಲ ಸಲಕ್ಕೆ ಉದ್ದ ಅನ್ನಿಸಿದ್ರೆ ಬಿಡಿ, ವಾಪಸ್ ಬರ್ತೀರಿ.

ಅದಾದ ಮೇಲೆ ‘ಮೂವಿಂಗ್ ಪಿಕ್ಚರ್ಸ್’, 1981ರ ಫೆಬ್ರವರಿ. ‘ಟಾಮ್ ಸಾಯರ್’ ಇದರ ಮೊದಲ ಹಾಡು, ಹಾಗಾಗಿ ಬಾಗಿಲು ನಿಮಗೆ ಪರಿಚಯದ್ದೇ. ಕ್ವಿಬೆಕ್‌ನ ಮೊರಿನ್ ಹೈಟ್ಸ್ ಅನ್ನೋ ಬೆಟ್ಟದ ಊರಲ್ಲಿ, ಕೆರೆ ಪಕ್ಕದಲ್ಲಿದ್ದ ‘ಲ ಸ್ಟುಡಿಯೋ’ದಲ್ಲಿ ರೆಕಾರ್ಡ್ ಆಯ್ತು, ಅಮೆರಿಕದಲ್ಲಿ 3ನೇ ಸ್ಥಾನ, ಕೆನಡಾದಲ್ಲಿ ಮೊದಲ ಸ್ಥಾನ. ಏಳು ಹಾಡಿನಲ್ಲಿ ಒಂದೂ ತೆಗೆದುಹಾಕೋ ಹಾಗಿಲ್ಲ. ನೀವು ಒಂದೇ ಒಂದು ರಶ್ ಆಲ್ಬಮ್ ಕೇಳ್ತೀನಿ ಅಂದ್ರೂ ನಾನು ಇದನ್ನೇ ಹೇಳೋದು.

ಇದರಲ್ಲಿ ಮೂರನೇ ಹಾಡು ‘ವೈ ವೈ ಝೆಡ್’ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಈ ಬ್ಯಾಂಡ್‌ನ ತಲೆ ಹೇಗೆ ಓಡುತ್ತೆ ಅನ್ನೋದು ಮೊದಲ ಅರ್ಧ ನಿಮಿಷದಲ್ಲೇ ಕಾಣುತ್ತೆ. ವೈ ವೈ ಝೆಡ್ ಅಂದ್ರೆ ಟೊರಾಂಟೋ ಪಿಯರ್ಸನ್ ಏರ್‌ಪೋರ್ಟ್‌ನ ಕೋಡ್. ವಿಮಾನಗಳಿಗೆ ದಾರಿ ತೋರಿಸೋ ರೇಡಿಯೋ ಬೀಕನ್ ಈ ಮೂರಕ್ಷರಾನ ಮೋರ್ಸ್ ಕೋಡ್‌ನಲ್ಲಿ ಮತ್ತೆ ಮತ್ತೆ ಕಳಿಸುತ್ತೆ. ಮೋರ್ಸ್‌ನಲ್ಲಿ ವೈ ಅಂದ್ರೆ ಗೀಟು, ಚುಕ್ಕೆ, ಗೀಟು, ಗೀಟು. ಝೆಡ್ ಅಂದ್ರೆ ಗೀಟು, ಗೀಟು, ಚುಕ್ಕೆ, ಚುಕ್ಕೆ. ಈಗ ಗೀಟಿಗೆ ಎರಡು ಮಾತ್ರೆ, ಚುಕ್ಕೆಗೆ ಒಂದು ಮಾತ್ರೆ ಅಂತ ಎಣಿಸಿ: ಮೊದಲ ವೈಗೆ 7, ಎರಡನೇ ವೈಗೆ 7, ಝೆಡ್‌ಗೆ 6, ಒಟ್ಟು 20. ನಾಲ್ಕು ನಾಲ್ಕು ಮಾತ್ರೆಗೆ ಒಂದು ಬೀಟ್ ಅಂದ್ರೆ ಸರಿಯಾಗಿ ಐದು ಬೀಟ್. ಅದಕ್ಕೇ ಆ ಹಾಡು ಐದರ ಲೆಕ್ಕದಲ್ಲಿ ಶುರುವಾಗೋದು! ಮೊದಲು ಪಿಯರ್ಟ್ ಕ್ರೊಟಾಲ್ ಅನ್ನೋ ಚಿಕ್ಕ ಲೋಹದ ಬಿಲ್ಲೆಗಳ ಮೇಲೆ ಟಿಣ್ ಟಿಣ್ ಅಂತ ಆ ಕೋಡ್ ಹೊಡೀತಾರೆ, ಆಮೇಲೆ ಬೇಸ್, ಗಿಟಾರ್, ಡ್ರಮ್ಸ್ ಎಲ್ಲ ಸೇರಿ ಅದೇ ಕೋಡನ್ನ ಗುದ್ದೋಕೆ ಶುರು ಮಾಡ್ತಾರೆ. ಬೆರಳಲ್ಲಿ ಎಣಿಸಿಕೊಂಡು ಕೇಳಿ, ಎರಡನೇ ಸಲಕ್ಕೆ ಹಿಡಿತ ಸಿಗುತ್ತೆ. ಲೆಕ್ಕ ಗೊತ್ತಿಲ್ದೇ ಇದ್ರೂ ಹಾಡು ಕುಣಿಸುತ್ತೆ, ಅದು ದೊಡ್ಡ ವಿಷಯ. ಪ್ರೋಗ್ರೆಸಿವ್ ರಾಕ್‌ನಲ್ಲಿ, ಅಂದ್ರೆ ಇಂಥ ಉದ್ದದ, ಜಟಿಲ ಹಾಡುಗಳ ರಾಕ್‌ನಲ್ಲಿ, ಲೆಕ್ಕ ತೋರಿಸೋಕೇ ಲೆಕ್ಕ ಹಾಕೋರು ಇದ್ದಾರೆ, ಇವರು ಒಳ್ಳೇ ದಿನಗಳಲ್ಲಿ ಆ ಕೆಲಸ ಮಾಡಲಿಲ್ಲ.

ಅದೇ ಆಲ್ಬಮ್‌ನಲ್ಲಿ ‘ಲೈಮ್‌ಲೈಟ್’ ಇದೆ, ಹೆಸರು ಬಂದ ಮೇಲೆ ಅಪರಿಚಿತರ ಮುಂದೆ ನಿಲ್ಲೋಕೆ ಪಿಯರ್ಟ್‌ಗೆ ಆಗ್ತಿದ್ದ ಸಂಕಟದ ಹಾಡು. ಗಿಟಾರ್ ಸೋಲೋ ಬಂದಾಗ ಲೈಫ್‌ಸನ್ ಒಂದೊಂದು ಸ್ವರಾನೂ ಎಳೆದು ಬಗ್ಗಿಸಿ ಗಾಳಿಗೆ ಬಿಡೋದನ್ನ ಕೇಳಿ, ತಮಗೆ ಬಹಳ ಇಷ್ಟದ ಸೋಲೋ ಅದು ಅಂತ ಅವರೇ ಹೇಳ್ಕೊಂಡಿದ್ದಾರೆ. ‘ರೆಡ್ ಬಾರ್ಕೆಟಾ’ ಆರು ನಿಮಿಷದ ಒಂದು ಕಥೆ, ಹಳೇ ಕಾರು ಓಡಿಸೋದು ಅಪರಾಧ ಆಗಿರೋ ಮುಂದಿನ ಕಾಲದಲ್ಲಿ ಒಬ್ಬ ಹುಡುಗ ಹಳೇ ಸ್ಪೋರ್ಟ್ಸ್ ಕಾರನ್ನ ಕದ್ದುಮುಚ್ಚಿ ಓಡಿಸೋದು, ಮ್ಯೂಸಿಕ್ಕೇ ಗೇರ್ ಬದಲಾಯಿಸುತ್ತೆ.

ಈ ಎರಡು ಆಲ್ಬಮ್ ಮೈಗೆ ಹತ್ತಿದ ಮೇಲೆ ಹಿಂದಕ್ಕೆ ಹೋಗಿ, ಅದಕ್ಕೆ ಮೊದಲು ಬೇಡ. ಹಿಂದಕ್ಕೆ ಅಂದ್ರೂ ಒಂದೇ ಸಲ ಶುರುವಿಗಲ್ಲ, ಮೊದಲು ‘ಎ ಫೇರ್‌ವೆಲ್ ಟು ಕಿಂಗ್ಸ್’ 1977ರದ್ದು. ವೇಲ್ಸ್‌ನ ಹಳ್ಳಿ ಕಡೆ ರಾಕ್‌ಫೀಲ್ಡ್ ಅಂತ ಸ್ಟುಡಿಯೋ, ಅಲ್ಲಿ ಹೊರಗಡೆ ಹಕ್ಕಿಗಳ ಸದ್ದನ್ನೂ ರೆಕಾರ್ಡ್ ಮಾಡ್ಕೊಂಡ್ರು, ‘ಜಾನಡು’ ಹಾಡಿನ ಶುರುವಲ್ಲಿ ಕೇಳೋದು ಅದೇ. 11 ನಿಮಿಷದ ಹಾಡು, ಮಾತು ಬರೋಕೆ ಐದು ನಿಮಿಷ ಹಿಡಿಯುತ್ತೆ, ಅಷ್ಟು ಹೊತ್ತೂ ಬೇಜಾರಾಗಲ್ಲ ಅಂದ್ರೆ ನಂಬಿ. ದನಿ ಇಲ್ಲಿ ಎತ್ತರದಲ್ಲೇ ಇದೆ, ಆದ್ರೆ ಆ ಹೊತ್ತಿಗೆ ಈ ಮೂವರು ನಿಮ್ಮವರಾಗಿರ್ತಾರೆ, ದನಿ ಚುಚ್ಚಲ್ಲ.

‘ಹೆಮಿಸ್ಫಿಯರ್ಸ್’ 1978ರದ್ದು, ಆ ಎಲ್‌ಪಿ ತಟ್ಟೆಯ ಮೊದಲ ಇಡೀ ಸೈಡ್ ಒಂದೇ ಹಾಡು, 18 ನಿಮಿಷ. ನಿಜ ಹೇಳಬೇಕು ಅಂದ್ರೆ ಆ ಹಾಡಿನಲ್ಲಿ ನನಗೆ ತಾಳ್ಮೆ ಬೇಕಾಗೋ ಜಾಗಗಳಿವೆ. ಆದ್ರೆ ಇನ್ನೊಂದು ಸೈಡಿನ ಕೊನೇಲಿ ‘ಲಾ ವಿಲ್ಲಾ ಸ್ಟ್ರಾಂಜಿಯಾಟೊ’ ಇದೆ, ಒಂಬತ್ತೂವರೆ ನಿಮಿಷದ ವಾದ್ಯಸಂಗೀತ, ಲೈಫ್‌ಸನ್‌ಗೆ ಬೀಳ್ತಿದ್ದ ಕೆಟ್ಟ ಕನಸುಗಳಿಂದ ಹುಟ್ಟಿದ್ದು. ಒಂದೇ ಟೇಕ್‌ನಲ್ಲಿ ನುಡಿಸ್ಬೇಕು ಅಂತ ಹಠ ಹಿಡಿದು ದಿನಗಟ್ಟಲೆ ಪ್ರಯತ್ನಪಟ್ಟು ಕೊನೆಗೆ ಭಾಗಗಳಾಗಿ ರೆಕಾರ್ಡ್ ಮಾಡಿ ಜೋಡಿಸಿದ್ರು. ಮಧ್ಯದಲ್ಲಿ ಎಲ್ಲ ತಣ್ಣಗಾಗಿ ಗಿಟಾರ್ ಒಂದೇ ಮೆಲ್ಲಗೆ ಏರ್ತಾ ಬರುತ್ತಲ್ಲ, ಆ ಎರಡು ನಿಮಿಷಕ್ಕೋಸ್ಕರ ನಾನು ಈ ಆಲ್ಬಮ್ ಎಷ್ಟು ಸಲ ಬೇಕಾದ್ರೂ ಹಾಕ್ತೀನಿ. ಇಷ್ಟೆಲ್ಲ ಸುಸ್ತಾದ ಮೇಲೇ ಇನ್ನು ಇಡೀ ಸೈಡ್ ಉದ್ದದ ಹಾಡು ಬೇಡ ಅಂತ ಅವರು ನಿರ್ಧಾರ ಮಾಡಿದ್ದು, ಅದರ ಫಲವೇ ನೀವು ಮೊದಲು ಕೇಳೋ ಆ ಎರಡು ಆಲ್ಬಮ್.

ಆಮೇಲೆ ‘2112’, 1976. ನಿಮಗೆ ಸಾಕಾದ ಆ ಮೂರನೇ ಆಲ್ಬಮ್ ಮುಳುಗಿದ ಮೇಲೆ ರೆಕಾರ್ಡ್ ಕಂಪನಿಯವರು ಚಿಕ್ಕ ಚಿಕ್ಕ ಹಾಡು ಮಾಡಿ, ಮಾರಾಟ ಆಗೋ ಥರ ಮಾಡಿ ಅಂತ ಒತ್ತಡ ಹಾಕಿದ್ರು. ಇವರು ಹೇಗೂ ಮನೆಗೆ ಹೋಗೋದೇ ಆದ್ರೆ ನಮಗೆ ಬೇಕಾದ್ದು ಮಾಡಿಯೇ ಹೋಗೋಣ ಅಂತ 20 ನಿಮಿಷದ ಹಾಡು ಮಾಡಿ ಮೊದಲ ಸೈಡ್ ಪೂರ್ತಿ ತುಂಬಿಸಿದ್ರು. ಕಥೆ ಇಷ್ಟೇ: 2112ನೇ ಇಸವಿ, ಎಲ್ಲವೂ ಪುರೋಹಿತರ ಹಿಡಿತದಲ್ಲಿದೆ, ಒಬ್ಬನಿಗೆ ಹಳೇ ಗಿಟಾರ್ ಸಿಗುತ್ತೆ, ತಾನೇ ನುಡಿಸೋಕೆ ಕಲೀತಾನೆ, ಖುಷಿಯಿಂದ ಪುರೋಹಿತರ ಹತ್ರ ತಗೊಂಡು ಹೋಗ್ತಾನೆ, ಅವರು ಒದ್ದು ಓಡಿಸ್ತಾರೆ. ಗಿಟಾರ್ ಸಿಕ್ಕ ಜಾಗದಲ್ಲಿ ಲೈಫ್‌ಸನ್ ತಂತಿ ಶ್ರುತಿ ಮಾಡೋದರಿಂದ ಶುರು ಮಾಡ್ತಾರೆ, ಗಿಟಾರ್ ಎಂದೂ ಕಂಡಿಲ್ಲದವನು ತಡವರಿಸಿ ತಡವರಿಸಿ ಒಂದು ರಾಗ ಕಂಡುಕೊಳ್ಳೋದು ನಿಮ್ಮ ಕಿವಿ ಮುಂದೇನೇ ನಡೆಯುತ್ತೆ. ಕಂಪನಿಯ ಕಥೆ ಗೊತ್ತಿದ್ರೆ ಆ ಪುರೋಹಿತರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಆಲ್ಬಮ್ ಗೆದ್ದಿತು, ಅಲ್ಲಿಂದ ಮುಂದೆ ಇವರ ಮ್ಯೂಸಿಕ್‌ಗೆ ಕಂಪನಿ ಕೈ ಹಾಕಲಿಲ್ಲ. ಅದರ ಮೇಲೆ ಏನ್ ರ‍್ಯಾಂಡ್ ಅನ್ನೋ ವ್ಯಕ್ತಿವಾದಿ ಲೇಖಕಿಯ ಪ್ರಭಾವ ಇದೆ, ಕವರ್‌ನಲ್ಲಿ ಅವರ ಹೆಸರೂ ಹಾಕಿದ್ರು, ಅದಕ್ಕೆ ಪಿಯರ್ಟ್ ವರ್ಷಗಟ್ಟಲೆ ಟೀಕೆ ಎದುರಿಸಬೇಕಾಯ್ತು, ಆಮೇಲೆ ಆ ವಿಚಾರಗಳಿಂದ ದೂರ ಬಂದಿದ್ದೀನಿ ಅಂತ ಅವರೇ ಹೇಳಿದ್ರು.

ಮೊದಲ ಮೂರರಲ್ಲಿ ಈಗಲೇ ಕೇಳಬೇಕಾದ್ದು ಕಡಿಮೆ. ಮೊದಲ ಆಲ್ಬಮ್‌ನ ‘ವರ್ಕಿಂಗ್ ಮ್ಯಾನ್’ ಕೇಳಿ ಸಾಕು, ಅಮೆರಿಕದ ಕ್ಲೀವ್‌ಲ್ಯಾಂಡ್‌ನ ರೇಡಿಯೋದಲ್ಲಿ ಡಾನಾ ಹಾಲ್ಪರ್ ಅದನ್ನ ಹಾಕಿಸಿದಾಗ ಲೆಡ್ ಜೆಪೆಲಿನ್‌ನ ಹೊಸ ಹಾಡಾ ಅಂತ ಫೋನ್ ಬಂದ್ವು, ಬ್ಯಾಂಡ್‌ನ ಹಣೆಬರಹ ತಿರುಗಿದ್ದು ಅಲ್ಲಿ. ‘ಫ್ಲೈ ಬೈ ನೈಟ್’ನಿಂದ ‘ಆಂಥೆಮ್’ ಒಂದು. ‘ಕ್ಯಾರೆಸ್ ಆಫ್ ಸ್ಟೀಲ್’ ಪಕ್ಕಕ್ಕಿಡಿ.

ಈಗ ಮುಂದಕ್ಕೆ. ‘ಮೂವಿಂಗ್ ಪಿಕ್ಚರ್ಸ್’ ಅಷ್ಟು ದೊಡ್ಡದಾಗಿ ಗೆದ್ದ ಮೇಲೆ ಅದರ ಎರಡನೇ ಭಾಗ ಮಾಡಿದ್ರೆ ಯಾರೂ ಬೇಡ ಅಂತಿರಲಿಲ್ಲ. ಇವರು 1982ರಲ್ಲಿ ‘ಸಿಗ್ನಲ್ಸ್’ ಮಾಡಿದ್ರು, ಗಿಟಾರ್ ಹಿಂದಕ್ಕೆ ಹೋಯ್ತು, ಸಿಂಥಸೈಜರ್ ಮುಂದಕ್ಕೆ ಬಂತು. ಎರಡನೇ ಆಲ್ಬಮ್‌ನಿಂದ ಜೊತೆಗಿದ್ದ ಪ್ರೊಡ್ಯೂಸರ್ ಟೆರಿ ಬ್ರೌನ್‌ಗೆ ಈ ದಾರಿ ಸರಿಬರಲಿಲ್ಲ, ಅದೇ ಅವರ ಕೊನೇ ರಶ್ ಆಲ್ಬಮ್ ಆಯ್ತು. ಅಭಿಮಾನಿಗಳೂ ಇಲ್ಲಿ ಎರಡು ಪಂಗಡ ಆದ್ರು, ಇವತ್ತಿಗೂ ಜಗಳ ಆಡ್ತಾರೆ. ನನ್ನ ಪಕ್ಷ ಸ್ಪಷ್ಟ: ‘ಸಬ್‌ಡಿವಿಷನ್ಸ್’ ಇರೋ ಆಲ್ಬಮ್ ಬಗ್ಗೆ ನಾನು ಕೆಟ್ಟ ಮಾತು ಕೇಳೋಕೆ ತಯಾರಿಲ್ಲ. ಏಳರ ಎಣಿಕೆಯಲ್ಲಿ ಸಾಗೋ ಆ ಸಿಂಥ್, ಒಂದೇ ಥರದ ಮನೆಗಳ ಬಡಾವಣೆ, ಗುಂಪಿಗೆ ಸೇರದ ಹುಡುಗರನ್ನ ಸ್ಕೂಲಲ್ಲಿ ದೂರ ಇಡೋದು. ಅಲ್ಲಿವರೆಗೆ ಗ್ರಹ, ದೇವತೆ, ಪುರೋಹಿತರ ಬಗ್ಗೆ ಬರೀತಿದ್ದ ಪಿಯರ್ಟ್ ಇಲ್ಲಿ ಪಕ್ಕದ್ಮನೆ ಹುಡುಗನ ಬಗ್ಗೆ ಬರೆದ್ರು, ಆ ಹುಡುಗ ತಾನೇ ಅಂದ್ಕೊಂಡೋರು ಪ್ರಪಂಚದ ತುಂಬಾ ಇದ್ದಾರೆ. ಅದೇ ಆಲ್ಬಮ್‌ನ ‘ಲೂಸಿಂಗ್ ಇಟ್’ ವಯಸ್ಸಾಗಿ ಕಾಲು ಕೈ ಕೊಡ್ತಿರೋ ಡ್ಯಾನ್ಸರ್ ಮೇಲೆ, ಪದಗಳು ಬತ್ತಿಹೋದ ಬರಹಗಾರನ ಮೇಲೆ ಬರೆದ ಹಾಡು, ಬೆನ್ ಮಿಂಕ್ ವಯಲಿನ್ ನುಡಿಸಿದ್ದಾರೆ, ಯಾರೂ ಅಷ್ಟಾಗಿ ಹೇಳೋದಿಲ್ಲ, ಖಂಡಿತ ಕೇಳಿ.

1984ರ ‘ಗ್ರೇಸ್ ಅಂಡರ್ ಪ್ರೆಷರ್’ ಕತ್ತಲಿನ ಆಲ್ಬಮ್, ಶೀತಲ ಸಮರದ ಭಯ ಎಲ್ಲ ಕಡೆ ಇದೆ. ‘ರೆಡ್ ಸೆಕ್ಟರ್ ಎ’ ಕೇಳೋಕೆ ಮುಂಚೆ ಇದು ಗೊತ್ತಿರಲಿ, ಗೆಡ್ಡಿ ಲೀ ಅವರ ತಂದೆತಾಯಿ ಇಬ್ಬರೂ ನಾಜಿ ಕ್ಯಾಂಪ್‌ಗಳಿಂದ ಬದುಕಿ ಬಂದವರು, ತಾಯಿ ಹೇಳಿದ ನೆನಪುಗಳೇ ಆ ಹಾಡಿನ ಹಿಂದಿವೆ. ಅದರಲ್ಲಿ ಬೇಸ್ ಗಿಟಾರ್ ಇಲ್ಲ, ಕೀಬೋರ್ಡ್‌ನ ಬಡಿತದ ಮೇಲೇ ಹಾಡು ಓಡುತ್ತೆ. ಮುಂದಿನದು 1985ರ ‘ಪವರ್ ವಿಂಡೋಸ್’, ಬಹಳ ಹೊಳಪಿನ ಸೌಂಡು, ಸ್ಟ್ರಿಂಗ್ಸ್, ಕಾಯರ್ ಎಲ್ಲ ಇದೆ, ‘ಮ್ಯಾರಥಾನ್’, ‘ಮಿಸ್ಟಿಕ್ ರಿದಮ್ಸ್’ ಎರಡು ಮೊದಲು ಹಾಕಿ. 1987ರ ‘ಹೋಲ್ಡ್ ಯುವರ್ ಫೈರ್’ ಅಷ್ಟು ಗಟ್ಟಿ ಅಲ್ಲ, ಏಮೀ ಮ್ಯಾನ್ ಜೊತೆಗೆ ಹಾಡಿರೋ ‘ಟೈಮ್ ಸ್ಟ್ಯಾಂಡ್ ಸ್ಟಿಲ್’ ಮಾತ್ರ ಚಿನ್ನ.

ಸದ್ಯಕ್ಕೆ ಯಾವುದನ್ನ ಬಿಡಬಹುದು ಅಂದ್ರಲ್ಲ, 1989ರಿಂದ 1996ರ ನಾಲ್ಕನ್ನ ಬಿಡಿ, ಆದ್ರೆ ಒಂದೊಂದು ಹಾಡು ಆರಿಸ್ಕೊಳ್ಳಿ. ‘ಪ್ರೆಸ್ಟೋ’ದಿಂದ ‘ದ ಪಾಸ್’, ‘ರೋಲ್ ದ ಬೋನ್ಸ್’ನಿಂದ ‘ಬ್ರವಾಡೋ’. ಎರಡೂ ಮನಸ್ಸು ಹಿಂಡೋ ಹಾಡುಗಳು, ಎರಡರ ರೆಕಾರ್ಡಿಂಗೂ ಸ್ವಲ್ಪ ತೆಳು. 1993ರ ‘ಕೌಂಟರ್‌ಪಾರ್ಟ್ಸ್’ನಲ್ಲಿ ಗಿಟಾರ್ ಭಾರವಾಗಿ ವಾಪಸ್ ಬರುತ್ತೆ, ಈ ನಾಲ್ಕರಲ್ಲಿ ಪೂರ್ತಿ ಕೇಳೋ ಹಾಗಿರೋದು ಇದೊಂದೇ. ‘ಟೆಸ್ಟ್ ಫಾರ್ ಎಕೋ’ ನನ್ನ ಮಟ್ಟಿಗೆ ಇವರ ಅತ್ಯಂತ ಸಪ್ಪೆ ಆಲ್ಬಮ್, ಆದ್ರೂ ಅದಕ್ಕೆ ಮುಂಚೆ ಪಿಯರ್ಟ್, ಪ್ರಪಂಚವೇ ಹೊಗಳ್ತಿದ್ದ ಡ್ರಮ್ಮರ್, ಫ್ರೆಡಿ ಗ್ರೂಬರ್ ಅನ್ನೋ ಗುರುಗಳ ಹತ್ರ ಹೋಗಿ ಕಡ್ಡಿ ಹಿಡಿಯೋ ರೀತಿಯಿಂದ ಹಿಡಿದು ಎಲ್ಲಾನೂ ಮತ್ತೆ ಕಲಿತ್ರು ಅನ್ನೋದನ್ನ ಹೇಳದೆ ಇರೋಕಾಗಲ್ಲ.

ಅದಾದ ಮೇಲೆ ದೊಡ್ಡ ಖಾಲಿ. 1997ರ ಆಗಸ್ಟ್‌ನಲ್ಲಿ ಪಿಯರ್ಟ್ ಅವರ ಒಬ್ಬಳೇ ಮಗಳು ಕಾರ್ ಅಪಘಾತದಲ್ಲಿ ತೀರಿಕೊಂಡಳು, ವರ್ಷ ತುಂಬೋದರೊಳಗೆ ಹೆಂಡತಿ ಕ್ಯಾನ್ಸರ್‌ನಿಂದ ಹೋದ್ರು. ನನ್ನನ್ನ ನಿವೃತ್ತ ಅಂದ್ಕೊಳ್ಳಿ ಅಂತ ಇಬ್ಬರು ಸ್ನೇಹಿತರಿಗೆ ಹೇಳಿ ಅವರು ಮೋಟರ್‌ಬೈಕ್ ಹತ್ತಿ ಉತ್ತರ ಅಮೆರಿಕ ಸುತ್ತೋಕೆ ಹೋದ್ರು, ಸುಮಾರು 88,000 ಕಿಲೋಮೀಟರ್. ಉಳಿದಿಬ್ಬರು ಬೇರೆ ಡ್ರಮ್ಮರ್ ಹುಡುಕಲಿಲ್ಲ, ಕಾದ್ರು. 2002ರಲ್ಲಿ ‘ವೇಪರ್ ಟ್ರೇಲ್ಸ್’ ಬಂತು, ಮೊದಲ ಹಾಡು ‘ಒನ್ ಲಿಟ್ಲ್ ವಿಕ್ಟರಿ’ ಶುರುವಾಗೋದೇ ಡ್ರಮ್ಸ್ ಒಂದರಿಂದಲೇ, ಗುಡುಗಿದ ಹಾಗೆ. ಅದನ್ನ ಹಾಗೆ ಶುರು ಮಾಡಿದ್ದು ಯಾಕೆ ಅಂತ ಈಗ ನಿಮಗೆ ಗೊತ್ತಲ್ಲ. ಆದ್ರೆ ಒಂದು ಎಚ್ಚರಿಕೆ: 2002ರ ಮೂಲ ಸಿಡಿಯಲ್ಲಿ ಸೌಂಡನ್ನ ವಿಪರೀತ ಜೋರು ಮಾಡಿ ಎಲ್ಲಾ ಒಡೆದುಹೋಗಿದೆ, ಡ್ರಮ್ಸ್‌ನ ಸಿಂಬಲ್ ತಟ್ಟೆ ಯಾವುದು ಗಿಟಾರ್ ಯಾವುದು ಗೊತ್ತಾಗಲ್ಲ, ಅರ್ಧ ಗಂಟೆಗೆ ತಲೆ ನೋಯುತ್ತೆ. 2013ರಲ್ಲಿ ಡೇವಿಡ್ ಬಾಟ್ರಿಲ್ ಅದನ್ನ ಪೂರ್ತಿ ರೀಮಿಕ್ಸ್ ಮಾಡಿದ್ರು, ಹೆಸರಲ್ಲೇ ‘ರೀಮಿಕ್ಸ್ಡ್’ ಅಂತ ಇರುತ್ತೆ, ಅದನ್ನೇ ಹುಡುಕಿ ಕೇಳಿ.

2007ರ ‘ಸ್ನೇಕ್ಸ್ ಅಂಡ್ ಆರೋಸ್’ ಚೆನ್ನಾಗಿದೆ, ಸ್ವಲ್ಪ ಉದ್ದ ಆಯ್ತು, ‘ಫಾರ್ ಕ್ರೈ’ ಕೇಳಿ. 2012ರ ‘ಕ್ಲಾಕ್‌ವರ್ಕ್ ಏಂಜೆಲ್ಸ್’ ಬೇರೇನೇ ಮಟ್ಟ. ಸುಮಾರು ಅರವತ್ತರ ಹತ್ತಿರ ಬಂದ ಮೂವರು ಆಲ್ಬಮ್ ಪೂರ್ತಿ ಒಂದೇ ಕಥೆ ಹೇಳೋಕೆ ಮೊದಲ ಸಲ ಕೈ ಹಾಕಿದ್ರು, ‘ಹೆಡ್‌ಲಾಂಗ್ ಫ್ಲೈಟ್’ ಅಂತ ಏಳು ನಿಮಿಷದ ಓಟ ಓಡಿದ್ರು, ಕೊನೇಲಿ ‘ದ ಗಾರ್ಡನ್’ ಇಟ್ರು. ಅದನ್ನ ಕೊನೇ ಸ್ಟುಡಿಯೋ ಹಾಡು ಅಂತ ತಿಳಿದೇ ಕೇಳಿ, 19ರಲ್ಲಿ ಕಟ್ಟಕಡೆಯದು ಅದೇ. 2015ರ ಆಗಸ್ಟ್ 1ಕ್ಕೆ ಲಾಸ್ ಏಂಜಲಿಸ್‌ನಲ್ಲಿ ಕೊನೇ ಶೋ ನುಡಿಸಿದ ಪಿಯರ್ಟ್ 2020ರ ಜನವರಿ 7ರಂದು ಮಿದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡ್ರು. 2025ರ ಅಕ್ಟೋಬರ್‌ನಲ್ಲಿ ಲೀ ಮತ್ತು ಲೈಫ್‌ಸನ್, ಜರ್ಮನಿಯ ಆನಿಕಾ ನಿಲ್ಲೆಸ್ ಅನ್ನೋ ಡ್ರಮ್ಮರ್ ಜೊತೆ ಮತ್ತೆ ಟೂರ್ ಹೊರಡೋದಾಗಿ ಘೋಷಿಸಿದ್ರು. ಕೆಲವರಿಗೆ ಬೇಜಾರಾಯ್ತು, ನನಗೆ ಆಗಲಿಲ್ಲ, ಈ ಹಾಡುಗಳನ್ನ ಯಾರಾದ್ರೂ ಎದುರಿಗೆ ನಿಂತು ನುಡಿಸ್ಬೇಕು.

ಲೈವ್ ಆಲ್ಬಮ್ ಬಗ್ಗೆ ಕೇಳಿದ್ರಲ್ಲ. ಎರಡು ಸಾಕು. 1981ರ ‘ಎಕ್ಸಿಟ್ ಸ್ಟೇಜ್ ಲೆಫ್ಟ್’ ಬಹಳ ಅಚ್ಚುಕಟ್ಟು, ಜನರ ಸದ್ದು ಕಡಿಮೆ, ‘ಜಾನಡು’ ಇದರಲ್ಲಿ ಸ್ಟುಡಿಯೋಗಿಂತ ಚೆನ್ನಾಗಿದೆ, ‘ಕ್ಲೋಸರ್ ಟು ದ ಹಾರ್ಟ್’ನಲ್ಲಿ ಗ್ಲ್ಯಾಸ್ಗೋದ ಜನ ಎಷ್ಟು ಚೆನ್ನಾಗಿ ದನಿಗೂಡಿಸಿದ್ದಾರೆ ಅಂದ್ರೆ ಕವರ್ ಮೇಲೆ ಅವರಿಗೂ ಕ್ರೆಡಿಟ್ ಕೊಟ್ಟಿದ್ದಾರೆ. ಹಿಂದಕ್ಕೆ ಹೋಗೋ ಮುಂಚೆ ಇದನ್ನ ಕೇಳಿದ್ರೆ ಹಳೇ ಹಾಡುಗಳು ಸಲೀಸಾಗುತ್ತೆ, ಎತ್ತರದ ದನಿ ಇಲ್ಲಿ ಅಷ್ಟು ಚುಚ್ಚಲ್ಲ. ಇನ್ನೊಂದು ‘ರಶ್ ಇನ್ ರಿಯೋ’, 2002ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಮರಕಾನಾ ಸ್ಟೇಡಿಯಂನಲ್ಲಿ ಸುಮಾರು 40,000 ಜನರ ಮುಂದೆ ನುಡಿಸಿದ್ದು. ಸೌಂಡ್‌ಚೆಕ್‌ಗೂ ಟೈಮ್ ಸಿಕ್ಕಿರಲಿಲ್ಲ, ಮಿಕ್ಸಿಂಗ್ ಒರಟಾಗಿದೆ, ಜನರ ಕೂಗು ಅತಿಯಾಗಿದೆ. ಆದ್ರೆ ಅದರಲ್ಲಿ ‘ವೈ ವೈ ಝೆಡ್’ ಬಂದಾಗ, ಒಂದು ಪದಾನೂ ಇಲ್ಲದ ಹಾಡಿಗೆ, ಇಡೀ ಸ್ಟೇಡಿಯಂ ಗಿಟಾರ್‌ನ ಧಾಟಿಯನ್ನೇ ಬಾಯಲ್ಲಿ ಹಾಡುತ್ತೆ. ಇದನ್ನ ಆಡಿಯೋಗಿಂತ ಡಿವಿಡಿಯಲ್ಲಿ ನೋಡೋದೇ ವಾಸಿ, ಆ ಹಾಡಿಗೆ ಜನ ಕುಪ್ಪಳಿಸೋದು ಅದರಲ್ಲಿ ಕಾಣುತ್ತೆ.